ಪವರ್ ಸ್ಟೀರಿಂಗಿನ ಕಾಯಿಲೆಗಳು

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಪಂಪನ ಕಾವ್ಯವನ್ನೋ ವಿಜಯನಗರದ ಚರಿತ್ರೆಯನ್ನೋ ನಿರೀಕ್ಷಿಸುವ ವಾಚಕರಿಗೆ, ಮೋಟಾರು ಗಾಡಿಯ ಸ್ಟೀರಿಂಗನ್ನು ಕುರಿತ ಈ ಲೇಖನ ಅಷ್ಟಾಗಿ ರುಚಿಸಲಾರದೇನೋ ಎಂಬ ಅಳುಕು ನನಗಿದೆ. ಆದರೂ ಬರೆಯುವ ಧೈರ್ಯ ಮಾಡಿದ್ದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು, ದಾವಣಗೆರೆಯ ಪಿ. ಬಿ. ರಸ್ತೆಯ ಮಗ್ಗುಲಲ್ಲಿ ನನ್ನ ಸೋದರಮಾವನ ಒಂದು ಸಣ್ಣ ಗ್ಯಾರೇಜಿದೆ. ತರಗತಿ ಮುಗಿದ ಮೇಲಿನ ನನ್ನ ಸಂಜೆಗಳೆಲ್ಲ ಕಳೆಯುವುದು ಅಲ್ಲಿಯೇ, ನನ್ನ ಕಾಲೇಜಿನ ಶುಲ್ಕ ಹುಟ್ಟುವುದೂ ಅಲ್ಲಿಯೇ. ಎರಡನೆಯದು, ಪಿ. ಯು. ಸಿ.ಯಲ್ಲಿ ತರ್ಕಶಾಸ್ತ್ರದ ಪುಸ್ತಕದಿಂದ ಬಾಯಿಪಾಠ ಮಾಡಿದ ಒಂದು ಪಾಠ, ಆ ಗ್ಯಾರೇಜಿನ ಎಣ್ಣೆ ಮೆತ್ತಿದ ನೆಲದ ಮೇಲೆ ಕುಳಿತಾಗಲೇ ನನಗೆ ನಿಜವಾಗಿ ಅರ್ಥವಾದದ್ದು. ಆ ಪಾಠ ಯಂತ್ರಕ್ಕೆ ಮಾತ್ರ ಸಂಬಂಧಿಸಿದ್ದಲ್ಲವಾದ್ದರಿಂದ, ಅದನ್ನು ಸಹಪಾಠಿಗಳ ಮುಂದೆಯೂ ಗುರುಗಳ ಮುಂದೆಯೂ ಇಡುವುದು ಉಚಿತವೆಂದು ಭಾವಿಸಿದ್ದೇನೆ.

ಗ್ಯಾರೇಜಿಗೆ ಬರುವ ದೂರುಗಳಲ್ಲಿ “ಸ್ಟೀರಿಂಗು ಭಾರ ಆಗೈತಿ” ಎಂಬುದು ಬಹು ಸಾಮಾನ್ಯವಾದದ್ದು. ಕೇಳುವುದಕ್ಕೆ ಎರಡು ಮಾತು. ಅದರ ಹಿಂದೆ ಅಡಗಿರಬಹುದಾದ ಕಾರಣಗಳು ಮಾತ್ರ ಹತ್ತಾರು. ಅವುಗಳಲ್ಲಿ ಕೆಲವು ಟೈರಿಗೆ ಗಾಳಿ ಹೊಡೆಸಿದರೆ ಕಾಸಿಲ್ಲದೆ ನಿವಾರಣೆಯಾಗುವಂಥವು. ಇನ್ನು ಕೆಲವು ಯಜಮಾನನ ಒಂದು ವರ್ಷದ ಉಳಿತಾಯವನ್ನೇ ನುಂಗುವಂಥವು. ಯಾವುದು ಯಾವುದೆಂದು ತಿಳಿಯದೆ ಮೊದಲು ದೊಡ್ಡ ಭಾಗವನ್ನೇ ಬಿಚ್ಚಿ ಹೊಸದನ್ನು ಹಾಕಿದರೆ, ಯಜಮಾನನ ಹಣವೂ ಹೋಯಿತು, ಗ್ಯಾರೇಜಿನ ಮೇಲಿನ ನಂಬಿಕೆಯೂ ಹೋಯಿತು, ರೋಗವೂ ಹಾಗೆಯೇ ಉಳಿಯಿತು. ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಗಾಡಿಯ ದೀಪ ಕೆಟ್ಟರೆ ಬೆಳಗಿನವರೆಗೆ ಕಾಯಬಹುದು. ಸ್ಟೀರಿಂಗು ಕೆಟ್ಟರೆ ಕಾಯುವುದಕ್ಕೆ ಎದುರಿನ ಲಾರಿ ಒಪ್ಪುವುದಿಲ್ಲ.

ಈಗ ಪವರ್ ಸ್ಟೀರಿಂಗೆಂದರೆ ಏನೆಂಬುದನ್ನು ವಿಚಾರಿಸೋಣ. ನಿಂತ ಗಾಡಿಯ ಮುಂದಿನ ಚಕ್ರವನ್ನು ತಿರುಗಿಸುವುದೆಂದರೆ, ಇಂಜಿನ್ನಿನ ಭಾರ ಹೊತ್ತ ರಬ್ಬರನ್ನು ರಸ್ತೆಯ ಮೇಲೆ ಉಜ್ಜಿದಂತೆ. ಗಾಡಿ ಓಡುವಾಗ ಈ ಉಜ್ಜುವಿಕೆ ಕಡಮೆ; ನಿಂತಾಗಲೂ ನಿಧಾನವಾಗಿ ತಿರುವು ತೆಗೆದುಕೊಳ್ಳುವಾಗಲೂ ಬಹಳ ಹೆಚ್ಚು. ಹಿಂದಿನ ಕಾಲದಲ್ಲಿ ಸ್ಟೀರಿಂಗಿನ ಚಕ್ರವನ್ನೇ ದೊಡ್ಡದು ಮಾಡಿ, ಒಳಗಿನ ಹಲ್ಲುಗಳ ಪ್ರಮಾಣವನ್ನು ಬದಲಿಸಿ ಕೈಯ ಶ್ರಮವನ್ನು ತಗ್ಗಿಸುತ್ತಿದ್ದರು. ಅದರಿಂದ ಭಾರವೇನೋ ಕಡಮೆಯಾಯಿತು. ಆದರೆ ಒಂದು ಸಣ್ಣ ತಿರುವಿಗೂ ಬಾವಿಯ ರಾಟೆ ತಿರುಗಿಸಿದಂತೆ ಸುತ್ತಬೇಕಾಯಿತು. ಈ ತೊಡಕನ್ನು ಬಿಡಿಸಲು ಅಮೆರಿಕದ ಪಿಯರ್ಸ್-ಆರೋ ಕಂಪನಿಯ ಲಾರಿ ವಿಭಾಗದಲ್ಲಿ ಕೆಲಸ ಮಾಡಿದ್ದ ಫ್ರಾನ್ಸಿಸ್ ಡೇವಿಸ್ ಎಂಬ ಇಂಜಿನಿಯರು ಎಣ್ಣೆಯ ಒತ್ತಡದಿಂದ ನೆರವಾಗುವ ಸ್ಟೀರಿಂಗನ್ನು ರಚಿಸಿ ೧೯೨೬ರಲ್ಲಿ ಪ್ರದರ್ಶಿಸಿದರು. ಆದರೆ ಅದು ಜನರು ಕೊಳ್ಳುವ ಕಾರಿನಲ್ಲಿ ಬಂದದ್ದು ಕಾಲು ಶತಮಾನದ ಮೇಲೆ, ೧೯೫೧ರ ಕ್ರೈಸ್ಲರ್ ಇಂಪೀರಿಯಲ್ ಗಾಡಿಯಲ್ಲಿ.

ಸ್ಪೋರ್ಟ್ಸ್ ಕಾರುಗಳವರು ಇದನ್ನು ಒಪ್ಪಿಕೊಳ್ಳಲು ಇನ್ನೂ ತಡಮಾಡಿದರು. ರಸ್ತೆಯ ಪ್ರತಿಯೊಂದು ಕಲ್ಲೂ ಅಂಗೈಗೆ ತಿಳಿಯಬೇಕೆಂಬುದು ಅವರ ಹಟ. ಅಮೆರಿಕದ ಷೆವ್ರೊಲೆ ಕಾರ್ವೆಟ್ ಕಾರಿಗೆ ಬೇಕಾದವರು ಪವರ್ ಸ್ಟೀರಿಂಗು ಹಾಕಿಸಿಕೊಳ್ಳುವ ಅವಕಾಶ ದೊರೆತದ್ದು ೧೯೬೩ರಲ್ಲಿ. ೧೯೬೧ರಲ್ಲಿ ಹೊರಬಂದ ಇಂಗ್ಲೆಂಡಿನ ಜಾಗ್ವಾರ್ ಇ-ಟೈಪ್ ಕಾರಿಗೆ ಮೊದಲು ಅದಿರಲಿಲ್ಲ. ೧೯೭೧ರಲ್ಲಿ ಹನ್ನೆರಡು ಸಿಲಿಂಡರಿನ ಭಾರವಾದ ಇಂಜಿನ್ ಬಂದಾಗ ಪವರ್ ಸ್ಟೀರಿಂಗು ಕಾಯಂ ಆಯಿತು. ನಮ್ಮ ದೇಶದ ರಸ್ತೆಗಳನ್ನು ದಶಕಗಳ ಕಾಲ ಆಳಿದ ಅಂಬಾಸಿಡರ್ ಮತ್ತು ಪದ್ಮಿನಿ ಕಾರುಗಳ ಚಾಲಕರಂತೂ ಬಹುಕಾಲ ತೋಳಿನ ಬಲವನ್ನೇ ನೆಚ್ಚಿದ್ದರು. ಹಾಗಾಗಿ ಹೊರದೇಶದ ಹಳೆಯ ಸ್ಪೋರ್ಟ್ಸ್ ಕಾರೊಂದು ದಾವಣಗೆರೆಯ ಗ್ಯಾರೇಜಿಗೆ ಬಂದರೆ, ಅದರ ಪವರ್ ಸ್ಟೀರಿಂಗನ್ನು ಅರ್ಥಮಾಡಿಕೊಳ್ಳಲು ನಮ್ಮವರಿಗೆ ಹತ್ತಿರದ ಗುರುವೆಂದರೆ ಲಾರಿ. ಎರಡರಲ್ಲಿಯೂ ತತ್ತ್ವ ಒಂದೇ.

ಆ ತತ್ತ್ವ ಬಹಳ ಸರಳವಾದದ್ದು. ಮುಚ್ಚಿದ ಪಾತ್ರೆಯೊಳಗಿನ ದ್ರವದ ಮೇಲೆ ಒತ್ತಡ ಹಾಕಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂದು ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲ್ ತೋರಿಸಿಕೊಟ್ಟನು. ಪವರ್ ಸ್ಟೀರಿಂಗಿನಲ್ಲಿ ಇಂಜಿನ್ನಿನ ಬೆಲ್ಟಿನಿಂದ ತಿರುಗುವ ಒಂದು ಪಂಪು ಇದೆ. ಅದು ಚಿಕ್ಕ ಡಬ್ಬಿಯೊಂದರಿಂದ ಎಣ್ಣೆಯನ್ನು ಹೀರಿ, ದಪ್ಪ ಗೋಡೆಯ ಹೋಸು ಪೈಪಿನ ಮೂಲಕ ಸ್ಟೀರಿಂಗಿನ ಬಾಕ್ಸಿಗೆ ಕಳುಹಿಸುತ್ತದೆ. ಅಲ್ಲಿ ಒಂದು ವಾಲ್ವು ಕುಳಿತಿದೆ. ಚಾಲಕನು ಚಕ್ರವನ್ನು ಎಡಕ್ಕೆ ತಿರುಗಿಸಿದರೆ ಎಣ್ಣೆಯನ್ನು ಪಿಸ್ಟನ್ನಿನ ಒಂದು ಮಗ್ಗುಲಿಗೂ, ಬಲಕ್ಕೆ ತಿರುಗಿಸಿದರೆ ಇನ್ನೊಂದು ಮಗ್ಗುಲಿಗೂ ಅದು ಬಿಡುತ್ತದೆ. ನೇರವಾಗಿ ಹೋಗುವಾಗ ಎರಡು ಕಡೆಗೂ ಸಮನಾಗಿ ಬಿಟ್ಟು ಡಬ್ಬಿಗೆ ಮರಳಿಸುತ್ತದೆ. ತಿರುವು ಪೂರ್ತಿಯಾದಾಗ ಹಳೆಯ ಕಾರುಗಳ ಪಂಪು ಚದರ ಅಂಗುಲಕ್ಕೆ ಸುಮಾರು ೧,೦೦೦ ಪೌಂಡು ಒತ್ತಡವನ್ನು ಹುಟ್ಟಿಸಬಲ್ಲದು. ಕಾರಿನ ಟೈರಿನಲ್ಲಿ ಇರುವುದು ೩೦ ಪೌಂಡಿನ ಆಸುಪಾಸು. ಪಿಸ್ಟನ್ನಿನ ಮುಖ ಮೂರು ಚದರ ಅಂಗುಲವೆಂದು ಇಟ್ಟುಕೊಂಡರೂ ೩,೦೦೦ ಪೌಂಡು, ಅಂದರೆ ನಮ್ಮ ಮಾರುಕಟ್ಟೆಯ ಲೆಕ್ಕದಲ್ಲಿ ಹದಿಮೂರು ಕ್ವಿಂಟಲ್ ಮೆಕ್ಕೆಜೋಳಕ್ಕಿಂತ ಹೆಚ್ಚಿನ ಭಾರ ನೂಕಿದಷ್ಟು ಬಲ ದೊರೆತಂತಾಯಿತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಎಣ್ಣೆ ಇಲ್ಲಿ ಕೇವಲ ಸಹಾಯಕ. ಚಾಲಕನ ಕೈಗೂ ಮುಂದಿನ ಚಕ್ರಕ್ಕೂ ನಡುವೆ ಕಬ್ಬಿಣದ ಸಂಬಂಧ ಎಂದಿನಂತೆಯೇ ಇರುತ್ತದೆ. ಪಂಪು ನಿಂತರೆ ಸ್ಟೀರಿಂಗು ತುಂಬ ಭಾರವಾಗುತ್ತದೆಯೇ ಹೊರತು ಸಂಬಂಧ ಕಡಿದುಹೋಗುವುದಿಲ್ಲ. ಇದನ್ನು ಅರಿಯದೆ ಗಾಬರಿಯಿಂದ ಕೈಬಿಟ್ಟವರುಂಟು. ಇಳಿಜಾರಿನಲ್ಲಿ ನಾಲ್ಕು ಕಾಸಿನ ಇಂಧನ ಉಳಿಸಲೆಂದು ಇಂಜಿನ್ ಆರಿಸಿ ಗಾಡಿಯನ್ನು ಉರುಳಬಿಡುವವರು ಈ ಮಾತನ್ನು ಎರಡು ಸಲ ಓದಬೇಕೆಂದು ನನ್ನ ಪ್ರಾರ್ಥನೆ. ಇಂಜಿನ್ ಆರಿದೊಡನೆ ಪಂಪೂ ನಿಲ್ಲುತ್ತದೆ. ಬ್ರೇಕಿನ ನೆರವೂ ಬೇಗನೆ ತೀರುತ್ತದೆ.

ಮೇಲ್ಕಂಡ ವಿವರಣೆಯಿಂದ ಸ್ಟೀರಿಂಗಿಗೆ ಮೂರು ಅಂಗಗಳಿವೆಯೆಂದು ತಿಳಿಯುತ್ತದೆ. ಬಲ ಕೊಡುವುದು ಪಂಪು. ದಿಕ್ಕು ಕೊಡುವುದು ವಾಲ್ವು. ಕೆಲಸ ಮಾಡುವವು ಕೈಕಾಲುಗಳು, ಅಂದರೆ ರಾಡುಗಳು, ಬಾಲ್ ಜಾಯಿಂಟುಗಳು ಮತ್ತು ಟೈರುಗಳು. ನನ್ನ ಮಾವ ಹೊಸ ಹುಡುಗರಿಗೆ ಹೇಳಿಕೊಡುವ ಮೊದಲ ಪಾಠವೆಂದರೆ, ರೋಗ ಬಲದಲ್ಲಿದೆಯೋ ದಿಕ್ಕಿನಲ್ಲಿದೆಯೋ ಕೈಕಾಲಿನಲ್ಲಿದೆಯೋ ಎಂಬುದನ್ನು ಪಾನಾ ಹಿಡಿಯುವ ಮುಂಚೆ ನಿರ್ಧರಿಸಬೇಕೆಂಬುದು. ತರ್ಕಶಾಸ್ತ್ರ ಓದಿದವರಿಗೆ ೧೮೪೩ರಲ್ಲಿ ಜಾನ್ ಸ್ಟುಅರ್ಟ್ ಮಿಲ್ ಬರೆದ ಗ್ರಂಥದಲ್ಲಿನ ವ್ಯತ್ಯಾಸ ವಿಧಾನ ನೆನಪಿರಬಹುದು. ಎರಡು ಸಂದರ್ಭಗಳು ಉಳಿದೆಲ್ಲ ವಿಷಯಗಳಲ್ಲೂ ಒಂದೇ ಆಗಿದ್ದು, ಒಂದೇ ಒಂದು ಅಂಶದಲ್ಲಿ ಬೇರೆಯಾಗಿ, ಫಲವೂ ಬೇರೆಯಾದರೆ, ಕಾರಣ ಆ ಅಂಶದಲ್ಲಿಯೇ ಇದೆ. ನನ್ನ ಮಾವ ಮಿಲ್ಲನ ಹೆಸರನ್ನು ಕೇಳಿದವರಲ್ಲ. ಆದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬ ಅವರ ಕಟ್ಟಳೆ ಇದೇ ಅಲ್ಲದೆ ಬೇರೇನೂ ಅಲ್ಲ.

ಇನ್ನು ಪರೀಕ್ಷೆಯ ಕ್ರಮ. ಮೊದಲು ಟೈರು. ಗಾಳಿ ಕಡಮೆಯಾದ ಟೈರು ರಸ್ತೆಯನ್ನು ಹೆಚ್ಚು ಅಗಲವಾಗಿ ಹಿಡಿಯುತ್ತದೆ. ಚಂದಕ್ಕೆಂದು ಮೂಲದ್ದಕ್ಕಿಂತ ಅಗಲವಾದ ಟೈರು ಹಾಕಿಸಿದ್ದರೂ ಭಾರ ಹೆಚ್ಚುತ್ತದೆ. ಇದನ್ನು ನೋಡದೆ ಬಾನೆಟ್ಟು ಎತ್ತುವುದು, ನಾಡಿ ಹಿಡಿಯದೆ ಹೊಟ್ಟೆ ಕೊಯ್ದಂತೆ.

ಎರಡನೆಯದು ಜಾಕಿನ ಪರೀಕ್ಷೆ. ಮುಂದಿನ ಎರಡು ಚಕ್ರಗಳನ್ನೂ ನೆಲದಿಂದ ಎತ್ತಿ, ಗಟ್ಟಿಯಾದ ಸ್ಟ್ಯಾಂಡು ಕೊಟ್ಟು (ಬರಿಯ ಜಾಕನ್ನು ನಂಬಿ ಗಾಡಿಯ ಕೆಳಗೆ ತಲೆ ಹಾಕಬಾರದು), ಇಂಜಿನ್ ಆರಿಸಿ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ತಿರುಗಿಸಬೇಕು. ರಸ್ತೆಯ ಉಜ್ಜುವಿಕೆ ಈಗಿಲ್ಲ, ಪಂಪಿನ ಸಹಾಯವೂ ಇಲ್ಲ. ಇಷ್ಟಾಗಿಯೂ ಎಲ್ಲಾದರೂ ಬಿಗಿದು ಹಿಡಿದಂತಾದರೆ ರೋಗ ಎಣ್ಣೆಯಲ್ಲಿಲ್ಲ. ಗ್ರೀಸು ಒಣಗಿದ ಬಾಲ್ ಜಾಯಿಂಟಿನಲ್ಲೋ ತುಕ್ಕು ಹಿಡಿದ ಕಂಬದ ಜಾಯಿಂಟಿನಲ್ಲೋ ಇದೆ. ಟೈ ರಾಡಿನ ತುದಿಗಳನ್ನು ಕಳಚಿ ಮತ್ತೆ ತಿರುಗಿಸಿದರೆ, ಬಿಗಿತ ಚಕ್ರದ ಕಡೆಯದೋ ಬಾಕ್ಸಿನ ಕಡೆಯದೋ ಎಂಬುದೂ ಸ್ಪಷ್ಟವಾಗುತ್ತದೆ. ಹತ್ತು ನಿಮಿಷದ ಈ ಪರೀಕ್ಷೆ ಅರ್ಧ ಅನುಮಾನಗಳನ್ನು ತಳ್ಳಿಹಾಕುತ್ತದೆ.

ಮೂರನೆಯದು ಎಣ್ಣೆ. ಡಬ್ಬಿಯ ಮುಚ್ಚಳ ತೆಗೆದು ಮಟ್ಟವನ್ನೂ ಬಣ್ಣವನ್ನೂ ನೋಡಬೇಕು. ಅನೇಕ ಹಳೆಯ ಕಾರುಗಳಲ್ಲಿ ಇದು ಕೆಂಪು ಬಣ್ಣದ ತೆಳು ಎಣ್ಣೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಹಳತಾಗಿದೆಯೆಂದು ಅರ್ಥ. ಮಜ್ಜಿಗೆ ಕಡೆದಂತೆ ನೊರೆಯಾಗಿದ್ದರೆ ಒಳಗೆ ಗಾಳಿ ಸೇರಿದೆ. ಗಾಳಿಯನ್ನು ಒತ್ತಿದರೆ ಅದು ಕುಗ್ಗುತ್ತದೆ, ಎಣ್ಣೆಯಂತೆ ಬಲವನ್ನು ಸಾಗಿಸುವುದಿಲ್ಲ. ಆದ್ದರಿಂದ ಸ್ಟೀರಿಂಗು ಒಮ್ಮೆ ಹಗುರ, ಒಮ್ಮೆ ಭಾರವಾಗಿ ತಡವರಿಸುತ್ತದೆ, ಪಂಪು ಗೊಂಯ್ ಎಂದು ನರಳುತ್ತದೆ. ಇಲ್ಲಿ ಒಂದು ಎಚ್ಚರಿಕೆ. ಮಟ್ಟ ಕಡಮೆಯಾಗಿದೆಯೆಂದು ಕೈಗೆ ಸಿಕ್ಕ ಬ್ರೇಕ್ ಆಯಿಲನ್ನು ಇದಕ್ಕೆ ಸುರಿಯಬಾರದು. ಅದರ ಜಾತಿಯೇ ಬೇರೆ. ಖನಿಜ ತೈಲಕ್ಕೆಂದು ತಯಾರಿಸಿದ ರಬ್ಬರ್ ಸೀಲುಗಳನ್ನು ಅದು ಉಬ್ಬಿಸಿ ಕೆಡಿಸುತ್ತದೆ. ಹತ್ತು ರೂಪಾಯಿಯ ಅವಸರ ಇಡೀ ಬಾಕ್ಸಿಗೆ ಮುಳುವಾಗುತ್ತದೆ.

ನಾಲ್ಕನೆಯದು ಬೆಲ್ಟು. ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಅಂಗುಲ ಬಾಗಬೇಕು. ಹೆಚ್ಚು ಸಡಿಲವಿದ್ದರೆ ತಿರುವಿನ ತುದಿಯಲ್ಲಿ ಕಿರ್ರೆಂದು ಕಿರುಚಿ ಜಾರುತ್ತದೆ; ಹೆಚ್ಚು ಬಿಗಿದರೆ ಪಂಪಿನ ಬೇರಿಂಗು ಸವೆಯುತ್ತದೆ. ಅಂದಹಾಗೆ, ತಿರುವಿನ ಕಡೆಯ ಅಂಚಿನಲ್ಲಿ ಕೇಳಿಸುವ ಎಲ್ಲ ಸದ್ದೂ ರೋಗವಲ್ಲ. ಅಲ್ಲಿ ಹೆಚ್ಚಿನ ಒತ್ತಡವನ್ನು ಹೊರಬಿಡುವ ವಾಲ್ವು ತೆರೆದು ಸುಸ್ಸೆನ್ನುವುದು ಅದರ ಧರ್ಮ. ಆದರೆ ಚಕ್ರವನ್ನು ಆ ಅಂಚಿನಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿದಿರಬಾರದು. ಎಣ್ಣೆ ಕಾದು ಪಂಪು ಹಾಳಾಗುತ್ತದೆ.

ಇಷ್ಟೂ ಸರಿಯಿದ್ದ ಮೇಲೆಯೇ ಪಂಪು ಮತ್ತು ಬಾಕ್ಸುಗಳ ಮೇಲೆ ಅನುಮಾನ ಪಡುವ ಹಕ್ಕು ಬರುತ್ತದೆ. ಇವೆರಡರಲ್ಲಿ ಅಪರಾಧಿ ಯಾರೆಂದು ಹೇಳುವ ಒಂದು ಸಾಧನವುಂಟು. ಅದು ಒತ್ತಡ ತೋರಿಸುವ ಗೇಜು ಮತ್ತು ಅದರ ಮುಂದೆ ಒಂದು ನಲ್ಲಿ. ಇದನ್ನು ಪಂಪಿನಿಂದ ಬಾಕ್ಸಿಗೆ ಹೋಗುವ ಪೈಪಿನ ನಡುವೆ ಜೋಡಿಸಿ, ಇಂಜಿನ್ ಚಾಲೂ ಮಾಡಿ, ನಲ್ಲಿಯನ್ನು ಕ್ಷಣಕಾಲ ಮುಚ್ಚಬೇಕು. ಆಗ ಪಂಪು ಒಂಟಿಯಾಗಿ ದುಡಿಯುತ್ತದೆ. ಕಾರಿನ ಪುಸ್ತಕದಲ್ಲಿ ಹೇಳಿದಷ್ಟು ಒತ್ತಡ ಬಂದರೆ ಪಂಪು ನಿರಪರಾಧಿ. ಬಾರದಿದ್ದರೆ ಪಂಪಿನದೇ ತಪ್ಪು. ಅನಂತರ ನಲ್ಲಿಯನ್ನು ತೆರೆದು ಚಕ್ರವನ್ನು ಅಂಚಿನವರೆಗೆ ತಿರುಗಿಸಬೇಕು. ಒತ್ತಡ ಮೊದಲಿನಷ್ಟೇ ಏರಿದರೆ ಬಾಕ್ಸೂ ನಿರಪರಾಧಿ. ಕಡಮೆಯಾದರೆ ಬಾಕ್ಸಿನೊಳಗೆ ಸೀಲು ಸವೆದು ಎಣ್ಣೆ ಒಳಗೊಳಗೇ ಸೋರುತ್ತಿದೆ. ನಲ್ಲಿ ಮುಚ್ಚಿದ್ದು, ನಲ್ಲಿ ತೆರೆದದ್ದು: ಬದಲಾದದ್ದು ಇದೊಂದೇ. ಮಿಲ್ಲನ ವಿಧಾನಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಯಾವ ಪಠ್ಯಪುಸ್ತಕದಲ್ಲಿಯೂ ದೊರೆತಿಲ್ಲ. ನಲ್ಲಿಯನ್ನು ಮಾತ್ರ ಐದು ಸೆಕೆಂಡಿಗಿಂತ ಹೆಚ್ಚು ಮುಚ್ಚಿಡಬಾರದು.

ಭಾರವಲ್ಲದ ಬೇರೆ ಕಾಯಿಲೆಗಳೂ ಇವೆ. ಒಂದೇ ಕಡೆಗೆ ಭಾರವಾಗಿ ಇನ್ನೊಂದು ಕಡೆಗೆ ಹಗುರವಾಗಿದ್ದರೆ ಪಂಪನ್ನು ದೂರುವುದು ಅನ್ಯಾಯ. ಪಂಪಿಗೆ ಎಡಬಲಗಳ ಭೇದ ತಿಳಿಯದು. ಅದು ವಾಲ್ವಿನ ಅಥವಾ ಪಿಸ್ಟನ್ನಿನ ಸೀಲಿನ ದೋಷ. ಇಂಜಿನ್ ಚಾಲೂ ಮಾಡಿದೊಡನೆ ಸ್ಟೀರಿಂಗು ತಾನೇ ಒಂದು ಕಡೆಗೆ ತಿರುಗತೊಡಗಿದರೆ ವಾಲ್ವು ತನ್ನ ಮಧ್ಯಸ್ಥಾನವನ್ನು ಬಿಟ್ಟಿದೆ. ಹಳೆಯ ಕಾರ್ವೆಟ್ ಮುಂತಾದ ಕಾರುಗಳಲ್ಲಿ ವಾಲ್ವೂ ಸಿಲಿಂಡರೂ ಬಾಕ್ಸಿನ ಹೊರಗೆ, ರಾಡಿಗೆ ತಗುಲಿಕೊಂಡಿರುತ್ತವೆ. ಅವುಗಳಲ್ಲಿ ಸಿಲಿಂಡರಿನ ಕಡ್ಡಿಯನ್ನು ಚೌಕಟ್ಟಿನಿಂದ ಬಿಚ್ಚಿ ಇಂಜಿನ್ ಚಾಲೂ ಮಾಡಿದಾಗ, ಕಡ್ಡಿ ತಾನಾಗಿ ಹೊರಕ್ಕೋ ಒಳಕ್ಕೋ ಸರಿದರೆ, ಅದು ನಿಶ್ಚಲವಾಗುವವರೆಗೆ ವಾಲ್ವಿನ ತುದಿಯ ನಟ್ಟನ್ನು ಸ್ವಲ್ಪಸ್ವಲ್ಪವಾಗಿ ಹೊಂದಿಸಬೇಕು. ಇದು ತಕ್ಕಡಿಯ ಮುಳ್ಳನ್ನು ನಡುವೆ ತರುವ ಕೆಲಸ, ಅವಸರ ಸಲ್ಲದು. ಬೆಳಿಗ್ಗೆ ತಣ್ಣಗಿದ್ದಾಗ ಭಾರವಾಗಿದ್ದು, ನಾಲ್ಕು ಮೈಲಿ ಓಡಿದ ಮೇಲೆ ಸರಿಯಾಗುವ ಕಾಯಿಲೆಯೊಂದಿದೆ. ೧೯೮೦ರ ದಶಕದ ಕೆಲವು ಅಮೆರಿಕನ್ ಕಾರುಗಳಲ್ಲಿ ಇದು ಎಷ್ಟು ಸಾಮಾನ್ಯವಾಯಿತೆಂದರೆ, ಅಲ್ಲಿನ ಮೆಕ್ಯಾನಿಕ್ಕುಗಳು ಬಸುರಿಯ ಬೆಳಗಿನ ವಾಕರಿಕೆಗೆ ಇರುವ ಹೆಸರನ್ನೇ ಇದಕ್ಕೂ ಕೊಟ್ಟರು. ವಾಲ್ವಿನ ಉಂಗುರಗಳು ಅಲ್ಯೂಮಿನಿಯಂ ಗೋಡೆಯಲ್ಲಿ ಗೀರು ಕೊರೆಯುವುದು ಇದರ ಕಾರಣ. ಇನ್ನು ಸ್ಟೀರಿಂಗಿನಲ್ಲಿ ಆಟ ಹೆಚ್ಚಾಗಿ ಗಾಡಿ ರಸ್ತೆಯಲ್ಲಿ ಅತ್ತಿತ್ತ ಓಲಾಡುತ್ತಿದ್ದರೆ ಎಣ್ಣೆಯ ಗೊಡವೆಗೆ ಹೋಗದೆ ಮೊದಲು ಜಾಯಿಂಟುಗಳನ್ನು ಹಿಡಿದು ನೋಡಬೇಕು. ಒಬ್ಬನು ಚಕ್ರವನ್ನು ಸ್ವಲ್ಪವೇ ಅಲುಗಿಸುತ್ತಿರಲಿ. ಇನ್ನೊಬ್ಬನು ಕೆಳಗಿನಿಂದ ಒಂದೊಂದೇ ಜಾಯಿಂಟಿನ ಮೇಲೆ ಕೈಯಿಡಲಿ. ಸವೆದ ಜಾಯಿಂಟು ಕೈಗೆ ತಾನೇ ಹೇಳುತ್ತದೆ.

ಈ ಕ್ರಮಕ್ಕೆ ಎಷ್ಟು ಬೆಲೆಯಿದೆಯೆಂಬುದನ್ನು ನಾನು ಕಣ್ಣಾರೆ ಕಂಡ ಒಂದು ಸಂಗತಿಯಿಂದ ತಿಳಿಸುತ್ತೇನೆ. ಹರಿಹರದ ಕಡೆಯ ಅಕ್ಕಿ ಗಿರಣಿಯ ಯಜಮಾನರೊಬ್ಬರು ಉದ್ದ ಮೂತಿಯ, ಎರಡೇ ಬಾಗಿಲಿನ, ಹೊರದೇಶದ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ತಂದರು. ಅದು ಅವರ ತಂದೆ ಪ್ರೀತಿಯಿಂದ ಇಟ್ಟುಕೊಂಡಿದ್ದ ಗಾಡಿ. ತಂದೆ ತೀರಿಕೊಂಡ ಮೇಲೆ ಆರು ವರ್ಷ ಗೋದಾಮಿನಲ್ಲಿ ನಿಂತಿತ್ತು. ಸ್ಟೀರಿಂಗು ಭಾರ, ಜೊತೆಗೆ ನರಳಾಟ. ದೊಡ್ಡ ಊರಿನ ಒಂದು ಗ್ಯಾರೇಜಿನಲ್ಲಿ ಆಗಲೇ ಹೊಸ ಪಂಪನ್ನೂ ಹೊಸ ಬೆಲ್ಟನ್ನೂ ಹಾಕಿಸಿದ್ದರು, ಗುಣ ಕಾಣಲಿಲ್ಲ. ಇಡೀ ಸ್ಟೀರಿಂಗ್ ಬಾಕ್ಸನ್ನೇ ಹೊರದೇಶದಿಂದ ತರಿಸಬೇಕೆಂದು ಅಲ್ಲಿ ಹೇಳಿದ ಮೊತ್ತ ಕೇಳಿ, ಗಾಡಿಯನ್ನು ಬಂದ ಬೆಲೆಗೆ ಮಾರುವ ಯೋಚನೆಗೆ ಬಂದಿದ್ದರು.

“ಏನ್ ಮಾಡ್ಲಿ ಹೇಳ್ರಿ ಮೇಸ್ತ್ರಿ? ಅಪ್ಪಾಜಿ ಗಾಡಿ, ಮಾರಾಕೆ ಮನಸ್ಸಿಲ್ಲ. ಹಂಗಂತ ಅಷ್ಟು ದುಡ್ಡು ಹಾಕಾಕೂ ಆಗಲ್ಲ” ಎಂದರು.

“ದುಡ್ಡಿನ ಮಾತು ಆಮೇಲೆ ಯಜಮಾನ್ರೇ. ಮೊದ್ಲು ಗಾಡಿ ಏನು ಹೇಳ್ತೈತಿ ಕೇಳೋಣಂತೆ, ಎರಡು ದಿನ ಬಿಟ್ಟು ಹೋಗ್ರಿ” ಎಂದರು ಮಾವ.

ಟೈರಿನಲ್ಲಿ ಪುಸ್ತಕ ಹೇಳುವ ೨೮ ಪೌಂಡಿಗೆ ಬದಲು ೧೮ ಪೌಂಡು ಗಾಳಿಯಿತ್ತು. ತುಂಬಿಸಿದಾಗ ಭಾರ ಸ್ವಲ್ಪ ಇಳಿಯಿತು, ಹೋಗಲಿಲ್ಲ. ಜಾಕಿನ ಮೇಲೆ ಎತ್ತಿದಾಗ ಚಕ್ರ ಎಲ್ಲಿಯೂ ಹಿಡಿಯದೆ ನಯವಾಗಿ ತಿರುಗಿತು. ಅಲ್ಲಿಗೆ ಕೈಕಾಲುಗಳ ಮೇಲಿನ ಅನುಮಾನ ತೀರಿತು. ಡಬ್ಬಿಯ ಎಣ್ಣೆ ನೊರೆಯಾಗಿತ್ತು. ರಾತ್ರಿ ಗಾಡಿಯ ಕೆಳಗೆ ರಟ್ಟು ಹಾಸಿಟ್ಟೆವು. ಬೆಳಿಗ್ಗೆ ಒಂದು ತೊಟ್ಟು ಎಣ್ಣೆಯೂ ಬಿದ್ದಿರಲಿಲ್ಲ. ಎಣ್ಣೆ ಹೊರಗೆ ಬರದೆ ಗಾಳಿ ಒಳಗೆ ಹೋಗುವುದು ಹೇಗೆ ಎಂದು ನಾನು ಕೇಳಿದೆ. ಡಬ್ಬಿಯಿಂದ ಪಂಪಿಗೆ ಹೋಗುವ ಪೈಪು ಒತ್ತುವ ಪೈಪಲ್ಲ, ಹೀರುವ ಪೈಪು. ಅದರಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಇಂಜಿನ್ ಓಡುವಾಗ ಅದು ಎಣ್ಣೆಯನ್ನು ಸೋರುವುದಕ್ಕಿಂತ ಗಾಳಿಯನ್ನು ಹೀರುವುದೇ ಹೆಚ್ಚು ಎಂದು ಮಾವ ವಿವರಿಸಿದರು. ನೋಡಿದರೆ ಕ್ಲಿಪ್ಪಿನ ಅಡಿಯಲ್ಲಿ ಆ ಪೈಪಿನ ರಬ್ಬರು ಒಣಗಿ ಬಿರಿದಿತ್ತು. ಎಣ್ಣೆಗೆ ತಾಳುವ ಗೇಣುದ್ದದ ಹೊಸ ಪೈಪೂ ಎರಡು ಕ್ಲಿಪ್ಪೂ ಹಾಕಿ, ಗಾಳಿ ತೆಗೆದ ಮೇಲೆ ನರಳಾಟ ನಿಂತಿತು.

ಆದರೂ ಗಾಡಿ ನಿಂತಾಗ ತಿರುಗಿಸಿದರೆ ಕಿರುಚುವುದೂ ಭಾರವಾಗುವುದೂ ಉಳಿದೇ ಇತ್ತು. ಬೆಲ್ಟು ಹೊಸದು, ಬಿಗಿಯೂ ಸರಿಯಾಗಿದೆ. ಆಗ ಮಾವ ಟಾರ್ಚು ಹಿಡಿದು ಪಂಪಿನ ಪುಲ್ಲಿಯನ್ನು ದಿಟ್ಟಿಸಿದರು. ಬೆಲ್ಟು ಪುಲ್ಲಿಯ ಅಂಚಿನ ಮಟ್ಟದಲ್ಲಿ ಕೂರದೆ ಆಳಕ್ಕೆ ಇಳಿದಿತ್ತು. ಇಂಥ ಬೆಲ್ಟು ತನ್ನ ಎರಡು ಪಕ್ಕೆಗಳಿಂದ ಪುಲ್ಲಿಯ ಗೋಡೆಗಳನ್ನು ಬೆಣೆಯಂತೆ ಕಚ್ಚಿ ಹಿಡಿಯಬೇಕು. ತಳ ಮುಟ್ಟಿದರೆ ಹಿಡಿತವಿಲ್ಲ, ಜಾರುತ್ತದೆ. ಪುಲ್ಲಿಯ ತಳ ಕನ್ನಡಿಯಂತೆ ಹೊಳೆಯುತ್ತಿದ್ದುದೇ ಸಾಕ್ಷಿ. ಹೊಸ ಪಂಪಿಗೆ ಸವೆದ ಹಳೆಯ ಪುಲ್ಲಿಯನ್ನೇ ತೊಡಿಸಿದ್ದರು.

ಆ ಪುಲ್ಲಿ ಅಂಗಡಿಯಲ್ಲಿ ಸಿಗುವಂಥದಲ್ಲ. ಮಾವ ಅದನ್ನು ನನ್ನ ಕೈಗೆ ಕೊಟ್ಟು ಹರಿಹರಕ್ಕೆ ಕಳುಹಿಸಿದರು. ಹರಿಹರವೆಂದೊಡನೆ ಹೊರಗಿನವರಿಗೆ ತುಂಗಭದ್ರೆಯೂ, ಹೊಯ್ಸಳರ ಕಾಲದ ಹರಿಹರೇಶ್ವರನ ಗುಡಿಯೂ ನೆನಪಾಗುತ್ತವೆ. ಯಂತ್ರದ ಕೆಲಸದವರಿಗೆ ನೆನಪಾಗುವುದು ಲೇತು. ೧೯೪೧ರಲ್ಲಿ ಅಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಲೇತುಗಳು ದೇಶದ ಎಷ್ಟೋ ವರ್ಕ್‌ಷಾಪುಗಳಿಗೂ ತಾಂತ್ರಿಕ ಶಾಲೆಗಳಿಗೂ ಹೋದವು. ಕಾರ್ಖಾನೆ ಈಗಿಲ್ಲ, ಆದರೆ ಕೈ ಕಲಿತ ವಿದ್ಯೆ ಕಾರ್ಖಾನೆಯೊಡನೆ ಬೀಗ ಬೀಳುವಂಥದಲ್ಲ. ಒಂದು ಸಣ್ಣ ವರ್ಕ್‌ಷಾಪಿನ ಹಿರಿಯ ಟರ್ನರು ಪುಲ್ಲಿಯೊಳಗೆ ಹೆಬ್ಬೆರಳಿನ ಉಗುರು ಆಡಿಸಿ, “ಬೆಲ್ಟಿಂದೇನೂ ತಪ್ಪಿಲ್ಲ ತಮ್ಮಾ, ಪುಲ್ಲಿನೇ ಸವದೈತಿ. ಮಧ್ಯಾಹ್ನಕ್ಕೆ ಬಾ” ಎಂದರು. ಮಧ್ಯಾಹ್ನಕ್ಕೆ, ಹಳೆಯದೊಂದು ಕಿರ್ಲೋಸ್ಕರ್ ಲೇತಿನ ಮೇಲೆ ತಿರುಗಿ, ಹೊಸ ಪುಲ್ಲಿ ಸಿದ್ಧವಾಗಿತ್ತು.

ಅದನ್ನು ತೊಡಿಸಿ ಗೇಜಿನ ಪರೀಕ್ಷೆ ಮಾಡಿದೆವು. ನಲ್ಲಿ ಮುಚ್ಚಿದಾಗ ಎಷ್ಟು ಒತ್ತಡ ಬಂದಿತೋ, ನಲ್ಲಿ ತೆರೆದು ಅಂಚಿಗೆ ತಿರುಗಿಸಿದಾಗಲೂ ಅಷ್ಟೇ ಬಂದಿತು. ಎಂದರೆ ಹೊರದೇಶದಿಂದ ತರಿಸಬೇಕೆಂದಿದ್ದ ಬಾಕ್ಸಿನಲ್ಲಿ ಯಾವ ದೋಷವೂ ಇರಲಿಲ್ಲ. ಒಂದು ಗೇಣು ಪೈಪು, ಎರಡು ಕ್ಲಿಪ್ಪು, ಎಣ್ಣೆ, ಒಂದು ಪುಲ್ಲಿ, ಎರಡು ದಿನದ ಕೂಲಿ: ಲೆಕ್ಕ ಇಷ್ಟೇ. ಯಜಮಾನರು ಗಾಡಿಯನ್ನು ಮಾರಲಿಲ್ಲ.

ಗಾಳಿ ತೆಗೆಯುವ ಕ್ರಮವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಇದು ಸುಲಭವಾದರೂ ಅನೇಕರು ಕೆಡಿಸುವ ಕೆಲಸ. ಮುಂದಿನ ಚಕ್ರಗಳು ನೆಲದಿಂದ ಮೇಲಿರಬೇಕು, ಇಂಜಿನ್ ಆರಿರಬೇಕು. ಡಬ್ಬಿಗೆ ಎಣ್ಣೆ ತುಂಬಿ, ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ಸುಮಾರು ಇಪ್ಪತ್ತು ಸಲ ನಿಧಾನವಾಗಿ ತಿರುಗಿಸಬೇಕು. ಗುಳ್ಳೆಗಳು ಮೇಲೇಳುತ್ತವೆ, ಮಟ್ಟ ಇಳಿಯುತ್ತದೆ, ಆಗಾಗ ತುಂಬಿಸುತ್ತಿರಬೇಕು. ಗುಳ್ಳೆ ನಿಂತ ಮೇಲೆಯೇ ಇಂಜಿನ್ ಚಾಲೂ ಮಾಡಿ ಮತ್ತೆ ಕೆಲವು ಸಲ ತಿರುಗಿಸಬೇಕು. ಮೊದಲೇ ಇಂಜಿನ್ ಚಾಲೂ ಮಾಡಿದರೆ ಪಂಪು ಗಾಳಿಯನ್ನೂ ಎಣ್ಣೆಯನ್ನೂ ಕಡೆದು ನೊರೆ ಮಾಡುತ್ತದೆ. ಆ ನೊರೆ ಇಳಿಯುವವರೆಗೆ ಗಂಟೆಗಟ್ಟಲೆ ಕಾಯಬೇಕು.

ಈಚಿನ ಕಾರುಗಳಲ್ಲಿ ಈ ಪಂಪು, ಪೈಪು, ಬೆಲ್ಟುಗಳ ಗೋಜು ಬಹುಮಟ್ಟಿಗೆ ಇಲ್ಲವಾಗಿದೆ. ೧೯೮೮ರಲ್ಲಿ ಜಪಾನಿನ ಸುಜುಕಿ ಕಂಪನಿ ತನ್ನ ಸರ್ವೋ ಎಂಬ ಚಿಕ್ಕ ಕಾರಿನಲ್ಲಿ ವಿದ್ಯುತ್ ಮೋಟಾರಿನಿಂದ ನಡೆಯುವ ಪವರ್ ಸ್ಟೀರಿಂಗನ್ನು ತಂದಿತು. ಇಂದು ನಮ್ಮ ಬೀದಿಯ ಸಣ್ಣ ಕಾರುಗಳಲ್ಲಿ ಅದೇ ಸಾಮಾನ್ಯವಾಗಿದೆ. ಕಾಯಿಲೆಯ ಹೆಸರನ್ನು ಗಾಡಿಗೆ ಜೋಡಿಸಿದ ಯಂತ್ರವೇ ಅಂಕಿಗಳಲ್ಲಿ ತೋರಿಸುತ್ತದೆ. ಆದರೆ ಆ ಯಂತ್ರಕ್ಕೆ ಟೈರಿನ ಗಾಳಿ ಕಡಮೆಯಿರುವುದಾಗಲಿ, ಬಾಲ್ ಜಾಯಿಂಟಿನ ಗ್ರೀಸು ಒಣಗಿರುವುದಾಗಲಿ ಯಾವಾಗಲೂ ಕಾಣುವುದಿಲ್ಲ. ಆದ್ದರಿಂದ ಹೊರಗಿನಿಂದ ಒಳಕ್ಕೆ, ಅಗ್ಗದ್ದರಿಂದ ತುಟ್ಟಿಯದಕ್ಕೆ, ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ಕ್ರಮ ಹಳೆಯ ಗಾಡಿಗೆಷ್ಟೋ ಹೊಸ ಗಾಡಿಗೂ ಅಷ್ಟೇ ಸಲ್ಲುತ್ತದೆ.

ಕಡೆಯದಾಗಿ ಒಂದು ಮಾತು. ಪುಸ್ತಕದ ವಿದ್ಯೆ ಬೇರೆ, ಕಸುಬು ಬೇರೆ ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಕಾರ್ಯವನ್ನು ಕಂಡು ಕಾರಣವನ್ನು ಊಹಿಸುವುದು, ಊಹೆಯನ್ನು ಪರೀಕ್ಷೆಗೆ ಒಡ್ಡುವುದು, ಸುಳ್ಳೆಂದು ತೋರಿದ ಊಹೆಯನ್ನು ಅಭಿಮಾನವಿಲ್ಲದೆ ಕೈಬಿಡುವುದು: ಚರಿತ್ರೆ ಬರೆಯುವವನಿಗೂ ಇದೇ ದಾರಿ, ಶಾಸನ ಓದುವವನಿಗೂ ಇದೇ ದಾರಿ, ಜಾಕಿನ ಪಕ್ಕದಲ್ಲಿ ಮಲಗಿ ಮೇಲೆ ನೋಡುವ ಮೇಸ್ತ್ರಿಗೂ ಇದೇ ದಾರಿ. ವ್ಯತ್ಯಾಸವೇನೆಂದರೆ, ನಮ್ಮ ಪ್ರಬಂಧದಲ್ಲಿ ಕಾರಣ ತಪ್ಪಿದರೆ ಎರಡು ಅಂಕ ಹೋಗುತ್ತವೆ. ಅವನ ಕೆಲಸದಲ್ಲಿ ತಪ್ಪಿದರೆ ಒಂದು ಸಂಸಾರ ರಸ್ತೆಯಲ್ಲಿರುತ್ತದೆ. ಹಾಗಾಗಿ ಸಹಪಾಠಿಗಳು ಮುಂದೆಂದಾದರೂ ಗಾಡಿ ಕೊಂಡು, ಅದರ ಸ್ಟೀರಿಂಗು ಭಾರವಾದರೆ, ದೊಡ್ಡ ಭಾಗವನ್ನು ಬದಲಿಸಬೇಕೆಂದವರನ್ನು ವಿನಯದಿಂದಲೇ ಒಂದು ಪ್ರಶ್ನೆ ಕೇಳಲಿ: “ಅದಕ್ಕಿಂತ ಮೊದಲು ಏನೇನು ನೋಡಿದ್ರಿ?”